ಕಿವಿಗೊಟ್ಟು ನೋಡಬೇಕಾದ ಚಿತ್ರ: ‘ದಿ ಪೋಲಾರ್ ಎಕ್ಸ್‌ಪ್ರೆಸ್’

ರಾಬರ್ಟ್ ಝೆಮೆಕಿಸ್ ನಿರ್ದೇಶಿಸಿ 2004ರ ನವೆಂಬರ್‌ನಲ್ಲಿ ಬಿಡುಗಡೆಯಾದ ‘ದಿ ಪೋಲಾರ್ ಎಕ್ಸ್‌ಪ್ರೆಸ್’ ಎಂಬ ಆನಿಮೇಷನ್ ಚಿತ್ರದ ಆರಂಭದಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ಕ್ರಿಸ್‌ಮಸ್‌ನ ಹಿಂದಿನ ರಾತ್ರಿ, ಹೊರಗೆ ಹಿಮ ಬೀಳುತ್ತಿದೆ, ಒಬ್ಬ ಹುಡುಗ ಹಾಸಿಗೆಯಲ್ಲಿ ಮಿಸುಕಾಡದೆ, ಉಸಿರಿನ ಸದ್ದೂ ಕೇಳಿಸದಂತೆ ಮಲಗಿದ್ದಾನೆ. ಸಾಂಟಾ ಕ್ಲಾಸನ ಜಾರುಬಂಡಿಗೆ ಕಟ್ಟಿದ ಗೆಜ್ಜೆಗಳ ದನಿಗಾಗಿ ಅವನು ಕಾಯುತ್ತಿದ್ದಾನೆ; ಆ ದನಿ ತನಗೆ ಎಂದೂ ಕೇಳಿಸದೇನೋ ಎಂಬ ಅಳುಕೂ ಅವನಲ್ಲಿದೆ. ನಂಬಿಕೆಯನ್ನೂ ಬೆರಗನ್ನೂ ಕುರಿತ ಕಥೆಯೊಂದು ಹೀಗೆ ಕಿವಿಯಿಂದ ಶುರುವಾಗುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಈ ಚಿತ್ರವು ಕಿವಿಗೆ ಒಪ್ಪಿಸಿದ ಕೆಲಸವೆಲ್ಲ ಅಪೂರ್ವವಾಗಿ ನೆರವೇರಿದೆ. ಕಣ್ಣಿಗೆ ಒಪ್ಪಿಸಿದ ಕೆಲಸದಲ್ಲಿ ಅದು ಹಲವು ಕಡೆ ಎಡವುತ್ತದೆ. ಹೀಗಿದ್ದೂ ಇದನ್ನು ಮಕ್ಕಳೊಡನೆ ಕುಳಿತು ನೋಡಲೇಬೇಕಾದ ಚಿತ್ರವೆಂದು ನಾನು ಏಕೆ ಎಣಿಸುತ್ತೇನೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಚಿತ್ರಕ್ಕೆ ಆಧಾರವಾದದ್ದು ಕ್ರಿಸ್ ವ್ಯಾನ್ ಆಲ್ಸ್‌ಬರ್ಗ್ ಬರೆದು, ತಾವೇ ಚಿತ್ರಗಳನ್ನೂ ರಚಿಸಿದ ಅದೇ ಹೆಸರಿನ ಮಕ್ಕಳ ಪುಸ್ತಕ. 1985ರಲ್ಲಿ ಪ್ರಕಟವಾದ ಆ ಪುಸ್ತಕಕ್ಕೆ ಮರುವರ್ಷ ಅಮೆರಿಕದ ಮಕ್ಕಳ ಚಿತ್ರಪುಸ್ತಕಗಳಿಗೆ ಮೀಸಲಾದ ಕ್ಯಾಲ್ಡೆಕಾಟ್ ಪದಕ ದೊರೆಯಿತು. ಕಥೆ ಸರಳವಾದದ್ದು. ನಡುರಾತ್ರಿಗೆ ಸ್ವಲ್ಪ ಮೊದಲು ಹುಡುಗನ ಮನೆಯ ಮುಂದೆ ಉಗಿ ಎಂಜಿನ್ನಿನ ರೈಲೊಂದು ಬಂದು ನಿಲ್ಲುತ್ತದೆ. ಅದು ಉತ್ತರ ಧ್ರುವಕ್ಕೆ ಹೋಗುವ ರೈಲು. ಒಳಗೆ ರಾತ್ರಿಯುಡುಪಿನಲ್ಲೇ ಎದ್ದು ಬಂದ ಮಕ್ಕಳಿದ್ದಾರೆ. ಧ್ರುವದಲ್ಲಿ ಸಾಂಟಾ ಒಬ್ಬ ಮಗುವನ್ನು ಆರಿಸಿ ಆ ವರ್ಷದ ಮೊದಲ ಉಡುಗೊರೆಯನ್ನು ಕೊಡುತ್ತಾನೆ. ಕೆಲವೇ ನಿಮಿಷಗಳಲ್ಲಿ ಓದಿ ಮುಗಿಸಬಹುದಾದ ಈ ಕಥೆಯನ್ನು ನೂರು ನಿಮಿಷಗಳಿಗೆ ಹಿಗ್ಗಿಸಲು ಝೆಮೆಕಿಸ್ ಮತ್ತು ಸಹಲೇಖಕ ವಿಲಿಯಂ ಬ್ರಾಯ್ಲ್ಸ್ ಹೊಸ ಪಾತ್ರಗಳನ್ನೂ ಹೊಸ ಅಪಾಯಗಳನ್ನೂ ಸೇರಿಸಿದ್ದಾರೆ. ಪಾತ್ರಗಳಿಂದ ಚಿತ್ರಕ್ಕೆ ಆದಷ್ಟು ಲಾಭ ಅಪಾಯಗಳಿಂದ ಆಗಿಲ್ಲ.

ಮೊದಲ ಹತ್ತು ನಿಮಿಷಗಳನ್ನು ನಾನು ಎಷ್ಟು ಹೊಗಳಿದರೂ ಸಾಲದು. ಈ ಹುಡುಗನದು ತುಂಟತನದ ಅವಿಶ್ವಾಸವಲ್ಲ, ಪ್ರಾಮಾಣಿಕವಾದ ಸಂಶಯ. ಅವನು ವಿಶ್ವಕೋಶವನ್ನು ತೆರೆದು ಉತ್ತರ ಧ್ರುವದ ಬಗ್ಗೆ ಓದುತ್ತಾನೆ. ಅದು ಜೀವಿಗಳೇ ಇಲ್ಲದ ಬರಡು ಪ್ರದೇಶವೆಂದು ಅಲ್ಲಿ ಬರೆದಿದೆ. ಸಾಂಟಾ ಸುಳ್ಳೆಂದು ಸೂಚಿಸುವ ಪತ್ರಿಕೆಯ ತುಣುಕುಗಳನ್ನು ಅವನು ಜೋಪಾನವಾಗಿ ಕೂಡಿಟ್ಟಿದ್ದಾನೆ. ಆ ವರ್ಷ ಅವನು ಸಾಂಟಾನಿಗೆ ಕಾಗದ ಬರೆದಿಲ್ಲ, ಅಂಗಡಿಯ ಸಾಂಟಾನ ಜೊತೆ ಫೋಟೊ ತೆಗೆಸಿಕೊಂಡಿಲ್ಲ. ಮಗ ನಿದ್ರೆ ಹೋಗಿದ್ದಾನೆಂದು ತಿಳಿದ ತಂದೆತಾಯಿಯರು ಬಾಗಿಲ ಬಳಿ ನಿಂತು, ಇವನು ಹಿಂದೆಲ್ಲ ಸಾಂಟಾನಿಗಾಗಿ ಎಷ್ಟು ಹೊತ್ತು ಎಚ್ಚರವಿರುತ್ತಿದ್ದ ಎಂದು ಮೆಲುದನಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಹುಡುಗ ಎಚ್ಚರವಾಗಿದ್ದಾನೆ, ಎಲ್ಲವೂ ಅವನಿಗೆ ಕೇಳಿಸುತ್ತಿದೆ. ತಾನು ದೊಡ್ಡವನಾಗುತ್ತಿರುವುದು ತನ್ನ ಹೆತ್ತವರಿಗೆ ಒಂದು ಸಣ್ಣ ನಷ್ಟವಾಗಿ ಕಾಣುತ್ತಿದೆ ಎಂಬುದನ್ನು ಅವನು ಮೊದಲ ಬಾರಿಗೆ ಅರಿಯುವ ಗಳಿಗೆ ಅದು. ಮಕ್ಕಳ ಚಿತ್ರಗಳಲ್ಲಿ ಸಂಶಯಕ್ಕೆ ಇಷ್ಟು ಗೌರವ ಸಿಗುವುದು ಅಪರೂಪ. ಬಹಳಷ್ಟು ಚಿತ್ರಗಳಲ್ಲಿ ಸಂಶಯಿಸುವ ಮಗುವನ್ನು ತಿದ್ದಬೇಕಾದ ಮಗುವಾಗಿ ತೋರಿಸುವುದೇ ರೂಢಿ. ಇಲ್ಲಿ ಅವನ ಸಾಕ್ಷ್ಯಗಳೆಲ್ಲ ಸರಿಯಾಗಿಯೇ ಇವೆ, ಅವನ ತರ್ಕದಲ್ಲಿ ದೋಷವಿಲ್ಲ.

ಆಮೇಲೆ ರೈಲು ಬರುತ್ತದೆ. ಮೊದಲು ಕೋಣೆಯ ಸಣ್ಣಪುಟ್ಟ ವಸ್ತುಗಳು ಅದುರುತ್ತವೆ, ಕಿಟಕಿ ನಡುಗುತ್ತದೆ, ನೆಲದಡಿಯಿಂದ ಎದ್ದಂತಿರುವ ಒಂದು ಗುಡುಗು ಮನೆಯನ್ನೆಲ್ಲ ತುಂಬುತ್ತದೆ, ಕೊನೆಗೆ ಬೆಳಕು ಒಳಗೆ ನುಗ್ಗುತ್ತದೆ. ಆ ಸದ್ದಿನಲ್ಲಿ ಸುಳ್ಳಿಲ್ಲದಿರುವುದಕ್ಕೆ ಕಾರಣವಿದೆ. ಚಿತ್ರದ ಎಂಜಿನ್ನಿಗೆ ಮಾದರಿಯಾದದ್ದು ಪೆರೆ ಮಾರ್ಕೆಟ್ 1225 ಎಂಬ ನಿಜವಾದ ಉಗಿ ಎಂಜಿನ್. 1941ರಲ್ಲಿ ತಯಾರಾಗಿ, ಮಿಷಿಗನ್ ರಾಜ್ಯದಲ್ಲಿ ಸರಕು ಗಾಡಿಗಳನ್ನು ಎಳೆದು, ಸೇವೆಯಿಂದ ನಿವೃತ್ತಿಯಾಗಿ, ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರದರ್ಶನದ ವಸ್ತುವಾಗಿ ನಿಂತಿದ್ದ ಈ ಎಂಜಿನ್ನನ್ನು ವಿದ್ಯಾರ್ಥಿಗಳೇ ಮುಂದಾಗಿ ದುರಸ್ತಿ ಮಾಡಲಾರಂಭಿಸಿದರು. ಈಗ ಅದು ಅದೇ ರಾಜ್ಯದ ಒವಾಸೊ ಪಟ್ಟಣದಲ್ಲಿ ಓಡುವ ಸ್ಥಿತಿಯಲ್ಲಿದೆ. ಚಿತ್ರದಲ್ಲಿ ಕೇಳಿಬರುವ ಎಂಜಿನ್ನಿನ ಸದ್ದುಗಳನ್ನು ಅದರಿಂದಲೇ ಧ್ವನಿಮುದ್ರಿಸಿಕೊಳ್ಳಲಾಯಿತು. ಅದರ ಸಂಖ್ಯೆ ಕ್ರಿಸ್‌ಮಸ್‌ನ ತಿಂಗಳನ್ನೂ ದಿನವನ್ನೂ ಜೋಡಿಸಿದಂತಿರುವುದು ಒಂದು ಸೊಗಸಾದ ಆಕಸ್ಮಿಕ. ಕಂಪ್ಯೂಟರಿನಲ್ಲಿ ಕಟ್ಟಿದ ಜಗತ್ತಿನೊಳಗೆ ನೂರಾರು ಟನ್ ಉಕ್ಕಿನ ಭಾರ ನಿಜವಾಗಿ ಅನುಭವಕ್ಕೆ ಬರುವುದು ಈ ಸದ್ದಿನಿಂದ. ಹುಡುಗ ಚಪ್ಪಲಿ ಮೆಟ್ಟಿ ಹೊರಗೋಡುವ ಹೊತ್ತಿಗೆ ಅವನಿಗಿಂತ ಮೊದಲು ನಾವೇ ಆ ರೈಲನ್ನು ನಂಬಿಬಿಟ್ಟಿರುತ್ತೇವೆ.

ಇಷ್ಟು ಹೇಳಿದ ಮೇಲೆ, ಬಿಡುಗಡೆಯಾದಾಗಿನಿಂದ ಈ ಚಿತ್ರವನ್ನು ಬೆನ್ನಟ್ಟಿರುವ ದೂರಿನ ಬಗ್ಗೆ ನೇರವಾಗಿ ಮಾತಾಡಬೇಕು. ಮಕ್ಕಳ ಮುಖಗಳಲ್ಲಿ ಜೀವ ಸಾಲದು. ನಟರ ಮೈಗೂ ಮುಖಕ್ಕೂ ಬೆಳಕನ್ನು ಪ್ರತಿಫಲಿಸುವ ಚುಕ್ಕೆಗಳನ್ನು ಅಂಟಿಸಿ, ಅವರ ಚಲನೆಯನ್ನು ಸುತ್ತಲಿನ ಕ್ಯಾಮೆರಾಗಳಿಂದ ದಾಖಲಿಸಿಕೊಂಡು, ಆ ಚಲನೆಯನ್ನು ಕಂಪ್ಯೂಟರಿನಲ್ಲಿ ರಚಿಸಿದ ಪಾತ್ರಗಳಿಗೆ ತೊಡಿಸುವ ಪರ್ಫಾರ್ಮೆನ್ಸ್ ಕ್ಯಾಪ್ಚರ್ ತಂತ್ರದಲ್ಲಿ ಆದಿಯಿಂದ ಅಂತ್ಯದವರೆಗೆ ತಯಾರಾದ ಮೊದಲ ಪೂರ್ಣಪ್ರಮಾಣದ ಚಿತ್ರವಿದು. ಕೈಕಾಲುಗಳ ನಡೆಯನ್ನು, ಭುಜ ಕುಗ್ಗುವುದನ್ನು, ತಲೆ ವಾಲುವುದನ್ನು ಆ ತಂತ್ರ ಚೆನ್ನಾಗಿಯೇ ಹಿಡಿಯಿತು. ಆದರೆ ಚುಕ್ಕೆಗಳನ್ನು ಚರ್ಮದ ಮೇಲೆ ಅಂಟಿಸಬಹುದೇ ಹೊರತು ಕಣ್ಣಗುಡ್ಡೆಯ ಮೇಲೆ ಅಂಟಿಸಲಾಗದು. ಎದುರಿನವರನ್ನು ನೋಡುವಾಗ ಮನುಷ್ಯರ ಕಣ್ಣುಗಳಲ್ಲಿ ಎಡೆಬಿಡದೆ ನಡೆಯುವ ಅತಿಸೂಕ್ಷ್ಮ ಚಲನೆಗಳಾಗಲಿ, ರೆಪ್ಪೆಯಂಚಿನ ತೇವವಾಗಲಿ, ಮಾತಿಗೆ ಮೊದಲು ತುಟಿಯಲ್ಲಿ ಹಾಯುವ ಅದುರಾಗಲಿ ಇಲ್ಲಿ ಸಾಕಷ್ಟು ಮೂಡಿಲ್ಲ. ಮನುಷ್ಯಾಕೃತಿಯು ನಿಜಕ್ಕೆ ತೀರ ಹತ್ತಿರ ಬಂದು, ಪೂರ್ತಿ ನಿಜವಾಗದೆ ಉಳಿದಾಗ ನೋಡುವವರಲ್ಲಿ ಹುಟ್ಟುವ ಇರಿಸುಮುರಿಸನ್ನು ಜಪಾನಿನ ರೋಬಾಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ವಿವರಿಸಿದ್ದರು. ಆ ವಿವರಣೆಗೆ ಉದಾಹರಣೆ ಬೇಕಾದಾಗಲೆಲ್ಲ ಜನ ಈ ಚಿತ್ರವನ್ನೇ ಹೆಸರಿಸುವಂತಾಯಿತು. ಚಿತ್ರವನ್ನು ಪ್ರೀತಿಸುವ ನಾನೂ ಈ ದೂರನ್ನು ಅಲ್ಲಗಳೆಯಲಾರೆ. ಬೆರಗಿನಿಂದ ಅರಳಬೇಕಾದ ಮುಖ ಅರಳದಿದ್ದರೆ, ಬೆರಗನ್ನೇ ವಸ್ತುವಾಗಿಸಿಕೊಂಡ ಚಿತ್ರಕ್ಕೆ ಅದು ಸಣ್ಣ ಕೊರತೆಯೇನಲ್ಲ.

ಪುಸ್ತಕದ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಈ ತೊಂದರೆಯ ಮೂಲ ಇನ್ನಷ್ಟು ಸ್ಪಷ್ಟವಾಗುತ್ತದೆ. ವ್ಯಾನ್ ಆಲ್ಸ್‌ಬರ್ಗ್ ಆ ಚಿತ್ರಗಳನ್ನು ಮೃದುವಾದ, ಮಂಜು ಕವಿದಂಥ ಬಣ್ಣಗಳಲ್ಲಿ ರಚಿಸಿದ್ದಾರೆ. ಅಲ್ಲಿ ಮಕ್ಕಳ ಮುಖಗಳಿಗಿಂತ ಹಿಮ, ಕತ್ತಲೆ, ರೈಲಿನ ಕಿಟಕಿಗಳಿಂದ ಸುರಿಯುವ ಬೆಳಕುಗಳಿಗೇ ಹೆಚ್ಚು ಜಾಗ. ಮುಖದ ಭಾವವನ್ನು ಓದುವ ಮಗುವೇ ತುಂಬಿಕೊಳ್ಳುತ್ತದೆ. ಸಿನಿಮಾ ಅಷ್ಟು ದೂರದಲ್ಲಿ ನಿಲ್ಲಲಾರದು, ಅದು ಮುಖಗಳ ಹತ್ತಿರ ಹೋಗಲೇಬೇಕು, ಹೋದೊಡನೆ ತಂತ್ರದ ಮಿತಿ ಎದ್ದು ಕಾಣುತ್ತದೆ. ಕ್ಯಾಮೆರಾ ಹಿಂದೆ ಸರಿದಾಗಲೆಲ್ಲ ಚಿತ್ರ ಮತ್ತೆ ಪುಸ್ತಕದ ಚೆಲುವಿಗೆ ಮರಳುತ್ತದೆ: ಕಾಡಿನ ನಡುವೆ ಬೆಳಕಿನ ಗೆರೆಯಂತೆ ಸಾಗುವ ರೈಲು, ಬೆಟ್ಟವನ್ನು ಸುತ್ತಿ ಏರುವ ಹಳಿಗಳು, ಹಳಿಯ ಮೇಲೆ ಕಣ್ಣು ಹಾಯುವಷ್ಟು ದೂರ ಹರಡಿ ನಿಂತ ಹಿಮಸಾರಂಗಗಳ ಹಿಂಡು. ಈ ವಿಶಾಲ ದೃಶ್ಯಗಳಲ್ಲಿ ಕೃತಕತೆಯ ಸುಳಿವೂ ಇಲ್ಲ. ಅದೇ ಕಾರಣಕ್ಕೆ ಐಮ್ಯಾಕ್ಸ್ ಪರದೆಗಳ ಮೇಲಿನ ಮೂರು ಆಯಾಮಗಳ ಆವೃತ್ತಿಯನ್ನು ಪ್ರೇಕ್ಷಕರು ವಿಶೇಷವಾಗಿ ಮೆಚ್ಚಿಕೊಂಡರು, ಸಾಮಾನ್ಯ ಚಿತ್ರಮಂದಿರಗಳಲ್ಲಿ ನಿಧಾನವಾಗಿ ಆರಂಭವಾದ ಚಿತ್ರಕ್ಕೆ ಅದು ಆಸರೆಯೂ ಆಯಿತು.

ನಟನೆಯ ವಿಷಯದಲ್ಲಿ ಹೇಳಬೇಕಾದದ್ದು ಟಾಮ್ ಹ್ಯಾಂಕ್ಸ್ ಅವರ ಬಗ್ಗೆ. ತಂದೆ, ರೈಲಿನ ಕಂಡಕ್ಟರ್, ಬೋಗಿಗಳ ಮೇಲೆ ಬದುಕುವ ಅಲೆಮಾರಿ, ಸಾಂಟಾ, ದೊಡ್ಡವನಾದ ಮೇಲೆ ಕಥೆ ಹೇಳುವ ಹುಡುಗನ ದನಿ ಎಲ್ಲವೂ ಅವರೇ. ಹುಡುಗನ ಮೈಯ ಚಲನೆಯೂ ಅವರದೇ, ಅವನಿಗೆ ದನಿ ಕೊಟ್ಟವರು ಡ್ಯಾರಿಲ್ ಸಬಾರಾ. ಒಬ್ಬರೇ ನಟ ಇಷ್ಟು ಪಾತ್ರಗಳನ್ನು ಹೊತ್ತದ್ದನ್ನು ಬರೀ ತಂತ್ರದ ಪ್ರದರ್ಶನವೆಂದು ಕೆಲವರು ತಳ್ಳಿಹಾಕಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಮಗ ಗಾಢನಿದ್ರೆಯಲ್ಲಿದ್ದಾನೆಂದು ತಿಳಿದು, ಎಕ್ಸ್‌ಪ್ರೆಸ್ ರೈಲು ಬಂದರೂ ಇವನಿಗೆ ಎಚ್ಚರವಾಗದು ಎಂದು ತಂದೆ ಹೇಳುತ್ತಾನೆ. ತುಸು ಹೊತ್ತಿನಲ್ಲೇ ಎಕ್ಸ್‌ಪ್ರೆಸ್ ರೈಲು ಬಂದು ನಿಲ್ಲುತ್ತದೆ. ಅದರಿಂದ ಇಳಿಯುವ ಕಂಡಕ್ಟರನಿಗೆ ತಂದೆಯ ದನಿಯದೇ ಛಾಯೆಯಿದೆ. ಹುಡುಗ ಆ ರಾತ್ರಿ ಎದುರುಗೊಳ್ಳುವ ಹಿರಿಯರೆಲ್ಲ, ಅವನನ್ನು ಗದರಿಸುವವನೂ ಕಾಪಾಡುವವನೂ ಕೆಣಕುವವನೂ ಹರಸುವವನೂ, ಅವನು ಬಾಗಿಲ ಸಂದಿನಿಂದ ಕೇಳಿಸಿಕೊಂಡ ಆ ಒಂದೇ ದನಿಯಿಂದ ಹುಟ್ಟಿದವರಿರಬಹುದು. ಇದೆಲ್ಲ ಕನಸೇ ಎಂಬ ಪ್ರಶ್ನೆಯನ್ನು ಚಿತ್ರವೂ ಎತ್ತುತ್ತದೆ, ಉತ್ತರಿಸುವ ಆತುರವನ್ನು ತೋರುವುದಿಲ್ಲ. ಮುಖ ನೋಡಿ ಗುರುತಿಸಲಾಗದ ಈ ನಂಟು ದನಿಯನ್ನು ಆಲಿಸಿದರೆ ತಾನಾಗಿ ತಿಳಿಯುತ್ತದೆ.

ಅಲೆಮಾರಿಯ ಪಾತ್ರ ಪುಸ್ತಕದಲ್ಲಿಲ್ಲ. ಚಿತ್ರಕ್ಕೆ ಅದು ದೊಡ್ಡ ಕೊಡುಗೆ. ಓಡುವ ರೈಲಿನ ಚಾವಣಿಯ ಮೇಲೆ ಬೆಂಕಿ ಹಾಕಿಕೊಂಡು ಕಾಫಿ ಕಾಯಿಸುವ ಈ ಮನುಷ್ಯ ಹುಡುಗನಿಗೆ ಅವನದೇ ಮನಸ್ಸಿನ ಮಾತನ್ನು ಒಪ್ಪಿಸುತ್ತಾನೆ: ನಿನಗೆ ನಂಬುವ ಆಸೆಯಿದೆ, ಆದರೆ ಯಾರೂ ನಿನಗೆ ಮೋಸ ಮಾಡಬಾರದು, ಕಣ್ಣಾರೆ ಕಂಡರಷ್ಟೇ ನಂಬುತ್ತೀಯ, ಅಲ್ಲವೇ? ಈ ಪ್ರಶ್ನೆಗೆ ಜೋಡಿಯಾಗಿ ಕಂಡಕ್ಟರನ ಒಂದು ಪ್ರಸಂಗ ಬರುತ್ತದೆ. ಹಿಂದೊಮ್ಮೆ ಹಿಮದಲ್ಲಿ ರೈಲಿನ ಚಾವಣಿಯಿಂದ ಜಾರಿ ಬೀಳಲಿದ್ದ ತನ್ನನ್ನು ಯಾರೋ ಹಿಡಿದು ಉಳಿಸಿದರೆಂದು ಅವನು ಮಕ್ಕಳಿಗೆ ಹೇಳುತ್ತಾನೆ. ಅವನು ಆ ‘ಯಾರೋ’ ಒಬ್ಬನನ್ನು ಕಂಡಿಲ್ಲ. ಶಿಸ್ತಿಗೂ ಗಡಿಯಾರಕ್ಕೂ ತನ್ನನ್ನು ಒಪ್ಪಿಸಿಕೊಂಡಿರುವ ಈ ಮನುಷ್ಯ, ಜಗತ್ತಿನ ಅತ್ಯಂತ ನಿಜವಾದ ಸಂಗತಿಗಳು ಕೆಲವೊಮ್ಮೆ ನಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬ ಅರ್ಥದ ಮಾತಾಡುವಾಗ ಅದು ಉಪದೇಶದಂತೆ ಕೇಳಿಸುವುದಿಲ್ಲ, ಏಕೆಂದರೆ ಅದು ಅವನ ಮೈಮೇಲೆ ಬಂದು ಹೋದ ಸಂಗತಿ.

ಅಪಾಯದ ದೃಶ್ಯಗಳ ಬಗ್ಗೆ ಇಷ್ಟು ಸಹನೆ ನನಗಿಲ್ಲ. ಕಡಿದಾದ ಇಳಿಜಾರಿನಲ್ಲಿ ರೈಲು ಹಿಡಿತ ತಪ್ಪಿ ಓಡುವುದು, ಹೆಪ್ಪುಗಟ್ಟಿದ ಸರೋವರದ ಮೇಲೆ ಜಾರುವುದು, ಹಿಂದಿನಿಂದ ಮಂಜುಗಡ್ಡೆ ಬಿರಿಯುತ್ತಾ ಬರುವುದು, ಧ್ರುವವನ್ನು ತಲುಪಿದ ಮೇಲೂ ಮಕ್ಕಳು ಮತ್ತೆ ದಾರಿ ತಪ್ಪುವುದು, ಇವುಗಳಲ್ಲಿ ಒಂದೆರಡು ಸಾಕಿತ್ತು. ಥೀಮ್ ಪಾರ್ಕಿನ ಸವಾರಿಯ ಹಾಗೆ ಒಂದಾದ ಮೇಲೊಂದು ಏರಿಳಿತ ಬಂದಾಗ ಮೊದಲ ಹತ್ತು ನಿಮಿಷಗಳ ನಿಶ್ಶಬ್ದ ಕಟ್ಟಿಕೊಟ್ಟ ಬೆರಗು ಚದುರಿಹೋಗುತ್ತದೆ. ಒಂದು ದೃಶ್ಯವನ್ನು ಮಾತ್ರ ಈ ಮಾತಿನಿಂದ ಹೊರಗಿಡಬೇಕು. ಹುಡುಗ ಒಬ್ಬ ಹುಡುಗಿಯ ಟಿಕೆಟ್ಟನ್ನು ಅವಳಿಗೆ ತಲುಪಿಸಲು ಹೋಗಿ ಗಾಳಿಯಲ್ಲಿ ಕಳೆದುಕೊಳ್ಳುತ್ತಾನೆ. ಆ ಚೀಟಿ ಹಾರಿಹೋಗಿ, ತೋಳಗಳ ಹಿಂಡಿನ ನಡುವೆ ಬಿದ್ದು, ಹದ್ದಿನ ಗೂಡಿನವರೆಗೆ ಏರಿ, ಹಿಮದಲ್ಲಿ ಉರುಳಿ, ಮತ್ತೆ ಅದೇ ರೈಲಿನೊಳಗೆ ಬಂದು ಸೇರುವುದನ್ನು ಕ್ಯಾಮೆರಾ ಒಂದೇ ಉಸಿರಿನಲ್ಲಿ ಹಿಂಬಾಲಿಸುತ್ತದೆ. ನಿಜವಾದ ಕ್ಯಾಮೆರಾಕ್ಕೆ ಎಂದೂ ಸಾಧ್ಯವಾಗದ ಚಲನೆಯಿದು. ಮಾತಿಲ್ಲ, ಬೆದರಿಕೆಯಿಲ್ಲ, ಕಥೆಗೆ ಅಷ್ಟೊಂದು ಅಗತ್ಯವೂ ಇಲ್ಲ; ಆದರೂ ಇಡೀ ಚಿತ್ರದಲ್ಲಿ ಕಣ್ಣಿಗೆ ನಿಜವಾದ ಬೆರಗು ದೊರೆಯುವುದು ಇಲ್ಲಿ. ಈ ದೃಶ್ಯದಲ್ಲಿ ಒಂದೂ ಮನುಷ್ಯಮುಖ ಹತ್ತಿರದಿಂದ ಕಾಣುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಎಂಜಿನ್ ನಡೆಸುವ ಸ್ಟೀಮರ್ ಮತ್ತು ಸ್ಮೋಕಿ ಎಂಬ ಜೋಡಿ ಮಕ್ಕಳನ್ನು ನಗಿಸುತ್ತದೆ. ಇಬ್ಬರನ್ನೂ ನಿರ್ವಹಿಸಿದ ಮೈಕೇಲ್ ಜೀಟರ್ ಚಿತ್ರ ಹೊರಬರುವ ಮುನ್ನ, 2003ರಲ್ಲಿ, ತೀರಿಕೊಂಡರು. ಚಿತ್ರವನ್ನು ಅವರ ನೆನಪಿಗೆ ಅರ್ಪಿಸಲಾಗಿದೆ.

ಈಗ ಬಿಲ್ಲಿಯ ವಿಷಯಕ್ಕೆ ಬರುತ್ತೇನೆ. ಚಿತ್ರದ ಹೃದಯ ಇರುವುದು ಅವನಲ್ಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ರೈಲು ಊರಿನ ಬಡ ಭಾಗದಲ್ಲಿ, ಒಂಟಿ ಮನೆಯೊಂದರ ಮುಂದೆ ನಿಲ್ಲುತ್ತದೆ. ಹತ್ತಲೋ ಬೇಡವೋ ಎಂದು ಹಿಂಜರಿದು, ರೈಲು ಹೊರಟ ಮೇಲೆ ಓಡಿಬಂದು, ಇನ್ನೊಬ್ಬರ ನೆರವಿನಿಂದ ಹತ್ತುವ ಈ ಹುಡುಗ ಎಲ್ಲರಿಂದ ದೂರವಾಗಿ ಕೊನೆಯ ಬೋಗಿಯಲ್ಲಿ ಒಬ್ಬನೇ ಕೂರುತ್ತಾನೆ. ಮುಂದಿನ ಬೋಗಿಯಲ್ಲಿ ಬಿಸಿ ಚಾಕೊಲೇಟಿನ ಸಂಭ್ರಮ, ಪರಿಚಾರಕರ ಕುಣಿತ ನಡೆಯುತ್ತಿರುವಾಗ ಅವನ ಪಾಲು ಅವನಿಗೆ ತಲುಪಿಲ್ಲವೆಂದು ಗಮನಿಸುವವಳು ಆ ಹುಡುಗಿಯೊಬ್ಬಳೇ. ಕಥಾನಾಯಕನ ಪ್ರಶ್ನೆ ಸಾಂಟಾ ಇದ್ದಾನೆಯೇ ಎಂಬುದು. ಬಿಲ್ಲಿಯ ಪ್ರಶ್ನೆ ಬೇರೆ: ಇರಬಹುದು, ಆದರೆ ನನ್ನ ಮನೆಗೆ ಬರುತ್ತಾನೆಯೇ? ಕ್ರಿಸ್‌ಮಸ್ ಎಂಬುದು ತನ್ನ ಪಾಲಿಗೆ ಎಂದೂ ಒದಗಿ ಬಂದಿಲ್ಲ ಎಂದು ಅವನು ಯಾವ ದೂರೂ ಇಲ್ಲದ ದನಿಯಲ್ಲಿ ಹೇಳುತ್ತಾನೆ. ಒಂದು ವಸ್ತು ಅಸ್ತಿತ್ವದಲ್ಲಿದೆಯೇ ಎಂಬ ಸಂಶಯಕ್ಕಿಂತ, ಲೋಕದ ಒಳಿತಿನಲ್ಲಿ ತನಗೊಂದು ಪಾಲಿದೆಯೇ ಎಂಬ ಸಂಶಯ ಬಹಳ ಆಳವಾದದ್ದು, ಅದನ್ನು ಹೊತ್ತ ಮಗುವಿಗೆ ವಿಶ್ವಕೋಶದಲ್ಲಿ ಉತ್ತರ ಸಿಗುವುದಿಲ್ಲ. ಬೋಗಿಯ ಹಿಂಬದಿಯ ತೆರೆದ ಜಾಗದಲ್ಲಿ ನಿಂತು ಬಿಲ್ಲಿ ಮತ್ತು ಆ ಹುಡುಗಿ ಹಾಡುವ ಹಾಡು ಚಿತ್ರದ ಅತ್ಯಂತ ಮೃದುವಾದ ಗಳಿಗೆ. ಅಲ್ಲಿಯೂ ಮುಖಗಳು ಬಿಗಿಯಾಗಿಯೇ ಇವೆ. ಮಕ್ಕಳ ದನಿಗಳು ಆ ಬಿಗಿಯನ್ನು ಕರಗಿಸಿಬಿಡುತ್ತವೆ.

ಆ ಹುಡುಗಿಗೆ ಚಿತ್ರದಲ್ಲಿ ಹೆಸರೇ ಇಲ್ಲ. ನೋನಾ ಗೇ ದನಿ ಕೊಟ್ಟಿರುವ ಈ ಪಾತ್ರ ನಂಬಿಕೆಯ ಇನ್ನೊಂದು ಮುಖ. ಸಾಂಟಾನ ಬಗ್ಗೆ ಅವಳಿಗೆ ಲವಲೇಶವೂ ಸಂಶಯವಿಲ್ಲ, ಅವಳಿಗೆ ಸಂಶಯವಿರುವುದು ತನ್ನ ಮೇಲೆ. ನಿನಗೆ ಖಚಿತವೇ ಎಂದು ಹುಡುಗ ಕೇಳಿದಾಗಲೆಲ್ಲ ಅವಳ ಆತ್ಮವಿಶ್ವಾಸ ಕುಸಿಯುವುದನ್ನು ಚಿತ್ರ ನಯವಾಗಿ ತೋರಿಸುತ್ತದೆ. ಮರುಪಯಣದಲ್ಲಿ ಕಂಡಕ್ಟರ್ ಪ್ರತಿ ಮಗುವಿನ ಟಿಕೆಟ್ಟಿನಲ್ಲೂ ಆ ಮಗುವಿಗೆ ಬೇಕಾದ ಒಂದು ಮಾತನ್ನು ರಂಧ್ರಗಳಿಂದ ಮೂಡಿಸಿ ಕೊಡುವಾಗ ಅವಳಿಗೆ ದೊರೆಯುವುದು ಮುಂದಾಳುತನದ ಮಾತು. ಎಲ್ಲವೂ ತನಗೆ ಗೊತ್ತೆಂದು ಮೂಗುದನಿಯಲ್ಲಿ ಬಡಬಡಿಸುವ ಕನ್ನಡಕದ ಹುಡುಗನಿಗೆ ಸಿಗುವುದು ಕಲಿಯಬೇಕೆಂಬ ಸೂಚನೆ. ಅವನ ಪಾತ್ರ ಕಿರಿಕಿರಿ ಹುಟ್ಟಿಸಲೆಂದೇ ಇದೆ, ಆದರೆ ಅದರ ಪ್ರಮಾಣ ಹೆಚ್ಚಾಯಿತು.

ಉತ್ತರ ಧ್ರುವದ ನಗರವನ್ನು ಚಿತ್ರ ಒಂದು ಹಳೆಯ ಅಮೆರಿಕನ್ ಕೈಗಾರಿಕಾ ಪಟ್ಟಣದಂತೆ ಕಟ್ಟಿದೆ: ಇಟ್ಟಿಗೆಯ ಕಾರ್ಖಾನೆಗಳು, ಗಡಿಯಾರ ಗೋಪುರ, ಹಳಿಗಳ ಜಾಲ, ಉಡುಗೊರೆಗಳನ್ನು ಸಾಗಿಸುವ ಯಂತ್ರಗಳು. ಕಾಲ್ಪನಿಕ ನಗರಕ್ಕೆ ಈ ಗಟ್ಟಿತನ ಒಪ್ಪುತ್ತದೆ, ಏಕೆಂದರೆ ಸಂಶಯವಾದಿಯಾದ ಹುಡುಗನ ಮನಸ್ಸು ಯಂತ್ರಗಳಿರುವ ಸ್ವರ್ಗವನ್ನಷ್ಟೇ ಒಪ್ಪೀತು. ಮೂವರು ಮಕ್ಕಳು ಗುಂಪಿನಿಂದ ಬೇರೆಯಾಗಿ ಖಾಲಿ ಬೀದಿಗಳಲ್ಲಿ ಅಲೆಯುವ ಭಾಗ ತುಸು ಉದ್ದವಾದರೂ, ಅದರಲ್ಲಿ ಬೆಲೆಬಾಳುವ ಒಂದು ಕ್ಷಣವಿದೆ. ದೂರದ ಗೆಜ್ಜೆಯ ದನಿಯನ್ನು ಹಿಡಿದು ದಾರಿ ಹುಡುಕೋಣವೆನ್ನುತ್ತಾಳೆ ಹುಡುಗಿ. ಅದು ಬಿಲ್ಲಿಗೂ ಕೇಳಿಸುತ್ತದೆ. ಕಥಾನಾಯಕನಿಗೆ ಮಾತ್ರ ಕೇಳಿಸುವುದಿಲ್ಲ. ಎಲ್ಲರಿಗೂ ದೊರೆತದ್ದು ತನ್ನೊಬ್ಬನಿಗೆ ದೊರೆಯದಿರುವಾಗಿನ ಒಂಟಿತನವನ್ನು ಚಿತ್ರ ಇಲ್ಲಿ ಒಂದು ಮಾತನ್ನೂ ಆಡದೆ ತಿಳಿಸುತ್ತದೆ.

ಈ ದೃಶ್ಯವೇ ಮುಂದಿನ ಮುಖ್ಯ ದೃಶ್ಯಕ್ಕೆ ಅಡಿಪಾಯ. ನಗರದ ಚೌಕದಲ್ಲಿ ಸಾವಿರಾರು ಕುಬ್ಜ ಸಹಾಯಕರು ನೆರೆದಿದ್ದಾರೆ, ಹಿಮಸಾರಂಗಗಳು ಜಿಗಿಯುತ್ತಿವೆ, ಅವುಗಳ ಗೆಜ್ಜೆಪಟ್ಟಿಗಳು ಕುಲುಕುತ್ತಿವೆ, ಮಕ್ಕಳೆಲ್ಲ ಆ ನಾದವನ್ನು ಕೊಂಡಾಡುತ್ತಿದ್ದಾರೆ. ಹುಡುಗನಿಗೆ ಗೆಜ್ಜೆಗಳು ಅಲುಗುವುದು ಕಾಣುತ್ತದೆ, ಸದ್ದು ಇಲ್ಲ. ಸಾಂಟಾ ಬರುತ್ತಾನೆ, ಆದರೆ ಜನರ ಬೆನ್ನುಗಳ ನಡುವೆ ಅವನು ಕಾಣುವುದಿಲ್ಲ. ಅಷ್ಟರಲ್ಲಿ ಗೆಜ್ಜೆಯೊಂದು ಕಳಚಿ, ಉರುಳಿ, ಇವನ ಕಾಲ ಬಳಿ ಬಂದು ನಿಲ್ಲುತ್ತದೆ. ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲುಗಿಸುತ್ತಾನೆ, ಮೌನ. ಕಣ್ಣು ಮುಚ್ಚಿ, ನಂಬುತ್ತೇನೆ ಎಂದು ತನಗೇ ಹೇಳಿಕೊಂಡು ಮತ್ತೆ ಅಲುಗಿಸುತ್ತಾನೆ. ಈ ಬಾರಿ ಅದು ಉಲಿಯುತ್ತದೆ, ಗೆಜ್ಜೆಯ ಬೆಳ್ಳಿಮೈಯಲ್ಲಿ ಅವನ ಹಿಂದೆ ನಿಂತ ಸಾಂಟಾನ ಪ್ರತಿಬಿಂಬ ಮೂಡುತ್ತದೆ. ಮೊದಲು ಕೇಳಿಸುವುದು, ಆಮೇಲೆ ಕಾಣಿಸುವುದು: ಈ ಕ್ರಮದಲ್ಲಿ ಇಡೀ ಚಿತ್ರದ ವಿಚಾರ ಅಡಗಿದೆ. ಕಣ್ಣಾರೆ ಕಂಡು ನಂಬುತ್ತೇನೆಂದು ಹೊರಟವನು ನಂಬಿ ಕೇಳಿಸಿಕೊಂಡ ಮೇಲೆಯೇ ಕಾಣುತ್ತಾನೆ. ಧ್ವನಿವಿನ್ಯಾಸಕ ರ್‍ಯಾಂಡಿ ಥಾಮ್ ಮತ್ತು ಅವರ ತಂಡ ಈ ದೃಶ್ಯದಲ್ಲಿ ಗದ್ದಲದ ನಡುವೆ ಕಟ್ಟಿರುವ ಮೌನ ಅಸಾಧಾರಣವಾದದ್ದು. ಆ ಮೌನ ಇಲ್ಲದಿದ್ದರೆ ಒಂದು ಸಣ್ಣ ಗೆಜ್ಜೆಯ ಉಲಿ ಇಷ್ಟು ದೊಡ್ಡ ಘಟನೆಯಾಗುತ್ತಿರಲಿಲ್ಲ.

ವಿಚಾರದ ಮಟ್ಟದಲ್ಲಿ ನನಗೆ ಒಂದು ತಕರಾರಿದೆ, ಅದನ್ನು ಮುಚ್ಚಿಡಲಾರೆ. ಮುರಿದ ಆಟಿಕೆಗಳನ್ನು ತುಂಬಿದ ಬೋಗಿಯಲ್ಲಿ ಸೂತ್ರದ ಗೊಂಬೆಯೊಂದು ಹುಡುಗನ ಮುಖಕ್ಕೇ ಎರಗಿ, ನೀನು ಸಂಶಯಪಿಶಾಚಿ ಎಂಬಂತೆ ಅಬ್ಬರಿಸುತ್ತದೆ. ಆರಂಭದಲ್ಲಿ ಸಂಶಯವನ್ನು ಅಷ್ಟು ಘನತೆಯಿಂದ ಕಂಡ ಚಿತ್ರ ಇಲ್ಲಿ ಅದೇ ಸಂಶಯವನ್ನು ಹೆದರಿಸಿ ಓಡಿಸಲು ಹೊರಡುತ್ತದೆ. ಇದು ಅದರ ಸ್ವಭಾವಕ್ಕೆ ಹೊಂದದ ದೃಶ್ಯ. ಹಾಗೆಯೇ, ನಂಬುತ್ತೇನೆ ಎಂಬ ಒಂದು ನುಡಿಯಿಂದ ಅಷ್ಟು ಕಾಲದ ಪ್ರಶ್ನೆಗಳೆಲ್ಲ ಕರಗುವುದು ಅವಸರದ ಪರಿಹಾರವೆಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ. ನನ್ನ ಮಟ್ಟಿಗೆ ಆ ಅವಸರವನ್ನು ಸರಿದೂಗಿಸುವುದು ಆಮೇಲಿನ ಕಥೆ. ಮೊದಲ ಉಡುಗೊರೆಗೆ ಆಯ್ಕೆಯಾದ ಹುಡುಗ ಲೋಕದ ಯಾವುದೇ ವಸ್ತುವನ್ನು ಕೇಳಬಹುದಾಗಿತ್ತು; ಅವನು ಆ ಗೆಜ್ಜೆಯನ್ನೇ ಕೇಳುತ್ತಾನೆ. ಮರಳಿ ರೈಲು ಹತ್ತಿ ಜೇಬಿಗೆ ಕೈಹಾಕಿದರೆ ಅಲ್ಲಿ ತೂತು, ಗೆಜ್ಜೆ ಬಿದ್ದುಹೋಗಿದೆ. ನಂಬಿಕೆ ಬಂದ ತಕ್ಷಣವೇ ಅದರ ಗುರುತು ಕೈತಪ್ಪುತ್ತದೆ. ಪುಸ್ತಕದಿಂದಲೇ ಬಂದ ಈ ತಿರುವು ಮಕ್ಕಳ ಸಾಹಿತ್ಯದ ಅತ್ಯಂತ ಜಾಣ ತಿರುವುಗಳಲ್ಲಿ ಒಂದು, ಏಕೆಂದರೆ ಸಾಕ್ಷ್ಯವಿಲ್ಲದೆಯೂ ಆ ರಾತ್ರಿಯನ್ನು ನಿಜವೆಂದು ಹಿಡಿದಿಟ್ಟುಕೊಳ್ಳುವ ಪರೀಕ್ಷೆ ಅವನಿಗೆ ಎದುರಾಗುವುದು ಇಲ್ಲಿ. ಮರುದಿನ ಬೆಳಿಗ್ಗೆ ಕ್ರಿಸ್‌ಮಸ್ ಮರದ ಕೆಳಗೆ ಆ ಗೆಜ್ಜೆ ಅವನಿಗೆ ಮರಳಿ ಸಿಗುತ್ತದೆ. ಅವನಿಗೂ ತಂಗಿಗೂ ಅದರ ದನಿ ಕೇಳಿಸುತ್ತದೆ. ತಾಯಿಗೆ, ತಂದೆಗೆ ಅದು ಕೆಟ್ಟುಹೋದ ಗೆಜ್ಜೆ. ಬಾಗಿಲ ಬಳಿ ನಿಂತು ಮಗನ ನಂಬಿಕೆ ಕಳೆಯಿತೆಂದು ಮರುಗಿದವರು ಅವರೇ ಎಂಬುದನ್ನು ನೆನೆದರೆ ಈ ಸಣ್ಣ ದೃಶ್ಯದ ತೂಕ ಅರಿವಾಗುತ್ತದೆ.

ಅಲನ್ ಸಿಲ್ವೆಸ್ಟ್ರಿ ಅವರ ಸಂಗೀತವನ್ನೂ, ಅವರು ಗ್ಲೆನ್ ಬಲ್ಲಾರ್ಡ್ ಅವರೊಡನೆ ರಚಿಸಿ ಜಾಶ್ ಗ್ರೋಬನ್ ಹಾಡಿರುವ ‘ಬಿಲೀವ್’ ಗೀತೆಯನ್ನೂ ಪ್ರತ್ಯೇಕವಾಗಿ ಮೆಚ್ಚಬೇಕು. ಕಂಡಕ್ಟರನ ಬಿಸಿ ಚಾಕೊಲೇಟಿನ ಹಾಡಿನ ತಾಳಕ್ಕೆ ಚಿಕ್ಕ ಮಕ್ಕಳು ಎದ್ದು ಕುಣಿಯುತ್ತಾರೆ. ಧ್ರುವದ ಸಂಭ್ರಮದಲ್ಲಿ ಸ್ಟೀವನ್ ಟೈಲರ್ ದನಿಯಲ್ಲಿ ಬರುವ ರಾಕ್ ಗೀತೆ ಮಾತ್ರ ಅಲ್ಲಿಯವರೆಗಿನ ಹದವನ್ನು ಕೆಡಿಸುತ್ತದೆ. ಈ ಚಿತ್ರಕ್ಕೆ ಆಸ್ಕರ್‌ನಲ್ಲಿ ದೊರೆತದ್ದು ಮೂರು ನಾಮನಿರ್ದೇಶನ: ಧ್ವನಿ ಸಂಕಲನ, ಧ್ವನಿ ಮಿಶ್ರಣ ಮತ್ತು ಅತ್ಯುತ್ತಮ ಗೀತೆ. ಮೂರೂ ಕಿವಿಗೆ ಸೇರಿದವು. ಸುಮಾರು 16.5 ಕೋಟಿ ಡಾಲರ್ ವೆಚ್ಚದಲ್ಲಿ, ದೃಶ್ಯತಂತ್ರವನ್ನೇ ಮುಂದಿಟ್ಟುಕೊಂಡು ಪ್ರಚಾರ ಮಾಡಿದ ಚಿತ್ರವೊಂದರಲ್ಲಿ ತೀರ್ಪುಗಾರರು ಗುರುತಿಸಿದ್ದು ಅದರ ನಾದವನ್ನು ಎಂಬುದು ನನಗೆ ಆಶ್ಚರ್ಯ ತರುವುದಿಲ್ಲ. ಗೀತೆಗೆ ಮುಂದೆ ಗ್ರ್ಯಾಮಿ ಪ್ರಶಸ್ತಿಯೂ ಸಂದಿತು.

ಮಕ್ಕಳಿಗೆ ತೋರಿಸುವವರು ಒಂದೆರಡು ವಿಷಯಗಳನ್ನು ತಿಳಿದಿರುವುದು ಒಳ್ಳೆಯದು. ತೀರ ಚಿಕ್ಕ ಮಕ್ಕಳಿಗೆ ಗೊಂಬೆಗಳ ಬೋಗಿಯ ದೃಶ್ಯ ಹೆದರಿಕೆ ತರಬಹುದು. ಆ ಹೊತ್ತಿನಲ್ಲಿ ದೊಡ್ಡವರು ಪಕ್ಕದಲ್ಲಿರಬೇಕು. ಏಳೆಂಟು ವರ್ಷ ದಾಟಿ, ಪ್ರಶ್ನೆಗಳನ್ನು ಕೇಳಲಾರಂಭಿಸಿರುವ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಚಿತ್ರ, ಏಕೆಂದರೆ ನಾಯಕ ಅವರ ವಯಸ್ಸಿನವನು, ಅವನ ಪ್ರಶ್ನೆಗಳೂ ಅವರವೇ. ಫೋನಿನ ಪುಟ್ಟ ಪರದೆಯಲ್ಲಿ, ಅದರ ಸಣ್ಣ ಸ್ಪೀಕರಿನಲ್ಲಿ ನೋಡಿದರೆ ಮುಖಗಳ ದೋಷ ಹಾಗೇ ಉಳಿದು, ಚಿತ್ರದ ನಿಜವಾದ ಶಕ್ತಿ ಕೈತಪ್ಪುತ್ತದೆ. ಮನೆಯಲ್ಲಿರುವ ಒಳ್ಳೆಯ ಸ್ಪೀಕರುಗಳನ್ನು ಜೋಡಿಸಿ, ದೀಪ ಆರಿಸಿ ಎಲ್ಲರೂ ಒಟ್ಟಿಗೆ ಕುಳಿತು ನೋಡುವುದು ಉತ್ತಮ. ಪುಸ್ತಕ ದೊರೆತರೆ ಅದನ್ನು ಚಿತ್ರಕ್ಕಿಂತ ಮೊದಲು ಮಕ್ಕಳಿಗೆ ಓದಿ ಹೇಳಿ. ಹಾಗೆ ಮಾಡಿದರೆ ಆ ಹುಡುಗನ ಮುಖವನ್ನು ಮಕ್ಕಳು ತಾವೇ ಕಲ್ಪಿಸಿಕೊಂಡಿರುತ್ತಾರೆ, ಪರದೆಯ ಮೇಲಿನ ಮುಖದಲ್ಲಿ ಕೊರತೆ ಕಂಡಲ್ಲಿ ತಮ್ಮದನ್ನು ಇಟ್ಟುಕೊಳ್ಳುತ್ತಾರೆ.